ಕುಕ್ಕರ್ ಕೂಗೋ ಮನೇಲಿ ಒಂದ್ ವರ್ಷ ಫ್ಯಾಂಟಸಿ ಕಾದಂಬರಿ ಓದೋದು ಹೇಗೆ

ದಿ ಹಾಬಿಟ್ ಪುಸ್ತಕದ ಮೊದಲ್ನೇ ಅಧ್ಯಾಯದಲ್ಲಿ ಏನಾಗುತ್ತೆ ಅಂದ್ರೆ, ಬಿಲ್ಬೋ ಅಂತ ಒಬ್ಬ ಪಾಪದ ಹಾಬಿಟ್, ಅಂದ್ರೆ ಮನುಷ್ಯರ ಥರದ್ದೇ ಒಂದ್ ಪುಟ್ಟ ಜಾತಿಯೋನು, ತನ್ ಪಾಡಿಗೆ ತಾನು ಮನೇಲಿರ್ತಾನೆ, ಬಾಗ್ಲು ಸದ್ದಾಗುತ್ತೆ, ತೆಗೆದ್ರೆ ಒಬ್ಬ ಕುಳ್ಳ, ಅವನನ್ನ ಕೂರಿಸಿ ಟೀ ಕೊಡೋಷ್ಟ್ರಲ್ಲಿ ಇನ್ನೊಬ್ಬ, ಆಮೇಲೆ ಇಬ್ರು, ಆಮೇಲೆ ಗುಂಪು, ಹೀಗೆ ಹದಿಮೂರು ಜನ ಕುಳ್ಳರು ಜೊತೆಗೊಬ್ಬ ಮಾಂತ್ರಿಕ, ಆ ಮಾಂತ್ರಿಕನ್ನ ಬಿಟ್ರೆ ಒಬ್ರನ್ನೂ ಬಿಲ್ಬೋ ಕರೆದಿರ್ಲಿಲ್ಲ. ಕೇಕ್ ಕೊಡು ಕಾಫಿ ಕೊಡು ಮೊಟ್ಟೆ ಕೊಡು ಉಪ್ಪಿನಕಾಯಿ ತಾ ಅಂತ ಉಗ್ರಾಣ ಪೂರ್ತಿ ಖಾಲಿ ಮಾಡ್ತಾರೆ. ನಾನು ಅದನ್ನ ಓದಿದಾಗ ಅಂದ್ಕೊಂಡಿದ್ದು ಒಂದೇ, ಇದು ನಮ್ಮನೆ ದಸರಾ. ಮೈಸೂರಲ್ಲಿ ಮನೆ ಇದ್ರೆ ದಸರಾಕ್ಕೆ ಯಾರ್ ಬೇಕಾದ್ರೂ ಬರ್ತಾರೆ ಬಿಡಿ. ಆದ್ರೆ ಆ ಕುಳ್ಳರು ಕೊನೆಗೆ ಹಾಡು ಹೇಳ್ಕೊಂಡು ಪಾತ್ರೆ ಎಲ್ಲಾ ಅವರೇ ತೊಳೆದಿಡ್ತಾರೆ, ಆ ಭಾಗ್ಯ ನಮಗಿಲ್ಲ.

ಹೋದ್ ಜನವರಿಯಿಂದ ಡಿಸೆಂಬರ್ ತನಕ ಬರೀ ಫ್ಯಾಂಟಸಿ, ಅಂದ್ರೆ ಇಂಥ ಮಾಯ ಮಂತ್ರದ ಕಲ್ಪನೆ ಲೋಕದ ಕಥೆಗಳನ್ನೇ ಓದ್ತೀನಿ ಅಂತ ಹಠ ಹಿಡಿದು ಓದ್ದೆ. ಮನೇಲಿ ಅತ್ತೆ, ನಮ್ಮೆಜಮಾನ್ರು, ಆರನೇ ಕ್ಲಾಸ್ ಮಗಳು, ಎರಡನೇ ಕ್ಲಾಸ್ ಮಗ, ನಂಗೆ ಅರ್ಧ ದಿನ ಕೆಲ್ಸ. ಹದಿಮೂರು ಪುಸ್ತಕ ಮುಗಿಸ್ದೆ, ಎರಡು ಅರ್ಧಕ್ಕೆ ಬಿಟ್ಟೆ. ಅದರ ಹಿಂದಿನ ವರ್ಷಾನೂ ಇದೇ ಹಠ ಹಿಡಿದಿದ್ದೆ, ಒಂದೂ ಮುಗೀಲಿಲ್ಲ. ಎರಡು ವರ್ಷಕ್ಕೂ ಮನೆ ಅದೇ, ಕೆಲ್ಸ ಅದೇ, ಸಮಯಾನೂ ಅಷ್ಟೇ ಇತ್ತು. ಏನ್ ಬದಲಾಯ್ತು ಅನ್ನೋದನ್ನೇ ಇಲ್ಲಿ ಬರೀತಿದೀನಿ, ನೀವೂ ಟ್ರೈ ಮಾಡೋದಾದ್ರೆ ಉಪಯೋಗ ಆಗ್ಲಿ ಅಂತ.

ಟೈಮ್ ಎಷ್ಟಿದೆ ಅಂತ ನೋಡ್ಬೇಡಿ, ಎಂಥ ಟೈಮ್ ಅಂತ ನೋಡಿ

ನಾನು ಮೊದಲು ಮಾಡಿದ ತಪ್ಪು ಇದೇ. ದಿನಕ್ಕೆ ಒಂದ್ ಗಂಟೆ ಸಿಗುತ್ತೆ, ಓದಿಬಿಡ್ತೀನಿ ಅಂದ್ಕೊಂಡೆ. ಸಿಗೋದೇನೋ ನಿಜ, ಆದ್ರೆ ಆ ಒಂದ್ ಗಂಟೆ ಒಟ್ಟಿಗೆ ಬರಲ್ಲ, ಹತ್ತು ನಿಮಿಷ ಇಲ್ಲಿ ಎಂಟು ನಿಮಿಷ ಅಲ್ಲಿ ಅಂತ ಚಿಲ್ಲರೆ ಚಿಲ್ಲರೆಯಾಗಿ ಬರುತ್ತೆ. ಬೇರೆ ಥರ ಪುಸ್ತಕ ಆದ್ರೆ ಚಿಲ್ಲರೆಲೂ ನಡೆಯುತ್ತೆ, ಫ್ಯಾಂಟಸಿಲಿ ನಡೆಯಲ್ಲ, ಯಾಕಂದ್ರೆ ಅಲ್ಲಿ ಊರು ಹೊಸ್ದು ದೇವ್ರು ಹೊಸ್ದು ದುಡ್ಡಿನ ಹೆಸರೂ ಹೊಸ್ದು, ಪ್ರತಿ ಸಲ ತೆಗೆದಾಗ್ಲೂ ಆ ಲೋಕದೊಳಗೆ ಮತ್ತೆ ಇಳಿಯೋಕೇ ಐದು ನಿಮಿಷ ಬೇಕು, ಅಷ್ಟ್ರಲ್ಲಿ ಕುಕ್ಕರ್ ಮೂರನೇ ವಿಷಲ್.

ಅದಕ್ಕೆ ನಾನು ಒಂದ್ ವಾರ ಸುಮ್ನೆ ನನ್ನ ದಿನ ಹೇಗೆ ಹೋಗುತ್ತೆ ಅಂತ ಗಮನಿಸ್ದೆ. ನಾಲ್ಕು ಥರದ ಟೈಮ್ ಸಿಕ್ತು. ಒಂದು, ನಿಂತಿರೋ ಟೈಮ್: ಬೇಳೆ ಬೇಯ್ತಿದೆ, ಸ್ಕೂಲ್ ವ್ಯಾನ್ ಇನ್ನೂ ಬಂದಿಲ್ಲ, ಆ ಥರ. ಎರಡು, ಕೈ ಬಿಡುವಿಲ್ಲ ಆದ್ರೆ ಕಿವಿ ಖಾಲಿ ಇರೋ ಟೈಮ್: ಸೊಪ್ಪು ಬಿಡಿಸೋದು, ಬಟ್ಟೆ ಮಡಚೋದು, ಪಾತ್ರೆ. ಮೂರು, ರಾತ್ರಿ ಮಕ್ಕಳು ಮಲಗಿದ ಮೇಲೆ ಸಿಗೋ ನಲವತ್ತು ನಿಮಿಷ. ನಾಲ್ಕು, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಮನೆಯೆಲ್ಲಾ ಗೊರಕೆ ಹೊಡೆಯೋ ಒಂದೂವರೆ ಗಂಟೆ. ಈ ಕೊನೇದು ಬಂಗಾರ, ದಯವಿಟ್ಟು ಇದನ್ನ ಇಸ್ತ್ರಿ ಮಾಡೋಕೆ ಹಾಳು ಮಾಡ್ಬೇಡಿ.

ಹೊಸ ಪುಸ್ತಕ ಶುರು ಮಾಡೋದು ಯಾವಾಗ್ಲೂ ಭಾನುವಾರ ಮಧ್ಯಾಹ್ನ ಮಾತ್ರ. ಮೊದಲ ಐವತ್ತು ಪೇಜ್ ಒಂದೇ ಸಲ ಕೂತು ಓದಿ ಆ ಲೋಕದಲ್ಲಿ ಕಾಲೂರಿದ್ರೆ ಆಮೇಲೆ ರಾತ್ರಿ ನಲವತ್ತು ನಿಮಿಷದಲ್ಲಿ ಮುಂದುವರಿಸ್ಬೋದು. ನಿಂತಿರೋ ಟೈಮಲ್ಲಿ ನಾನು ಹೊಸ ಪೇಜ್ ಓದೋದೇ ಇಲ್ಲ, ಹಿಂದಿನ ರಾತ್ರಿ ಓದಿದ್ದರ ಕೊನೇ ಎರಡು ಪೇಜ್ ಮತ್ತೆ ನೋಡ್ತೀನಿ, ಇಲ್ಲಾ ಮ್ಯಾಪ್ ನೋಡ್ತೀನಿ. ರಾತ್ರಿ ಓದೋಕೆ ಕೂತಾಗ ನೇರ ಕಥೆಗೆ ಇಳಿಯೋಕೆ ಅದು ತುಂಬಾ ಸಹಾಯ. ಇನ್ನೊಂದು ಮಾತು, ಹಾಲು ಸ್ಟೌ ಮೇಲಿಟ್ಟು ಯಾವ ಪುಸ್ತಕಾನೂ ಮುಟ್ಬೇಡಿ. ಕುಕ್ಕರ್ ಆದ್ರೆ ಕೂಗಿ ಕರೆಯುತ್ತೆ, ಹಾಲು ಸದ್ದಿಲ್ದೆ ಉಕ್ಕುತ್ತೆ. ಎಷ್ಟು ಸಲ ಅಂತ ಕೇಳ್ಬೇಡಿ.

ಲೆಕ್ಕ ಹೇಳ್ತೀನಿ. ಇಂಗ್ಲಿಷ್ ಪುಸ್ತಕ ನಾನು ನಲವತ್ತು ನಿಮಿಷಕ್ಕೆ ಇಪ್ಪತ್ತು ಪೇಜ್ ಓದ್ತೀನಿ, ನಿಧಾನಾನೇ. ವಾರಕ್ಕೆ ಐದು ರಾತ್ರಿ ಸಿಕ್ರೆ 100 ಪೇಜ್, ಭಾನುವಾರ 50, ಒಟ್ಟು 150. ವರ್ಷದ 52 ವಾರದಲ್ಲಿ ಹಬ್ಬ, ಮದುವೆ, ಜ್ವರ, ಪರೀಕ್ಷೆ ಅಂತ ಏಳು ವಾರ ಕಳೆದ್ರೆ 45 ವಾರ, ಅಂದ್ರೆ 6750 ಪೇಜ್. 400 ಪೇಜಿನ ಪುಸ್ತಕ ಅಂದ್ರೆ ಹದಿನಾರು ಹದಿನೇಳು ಆಗ್ಬೇಕು. ನಂದು ಹದಿಮೂರಾಯ್ತು, ಯಾಕಂದ್ರೆ ಬಿಟ್ಟ ಎರಡರಲ್ಲಿ ಒಂದು ಸಾವಿರ ಪೇಜಿಂದು. ಅದರ ಕಥೆ ಮುಂದೆ ಹೇಳ್ತೀನಿ.

ಪಂಚಾಂಗ ನೋಡಿ ಪುಸ್ತಕ ಆರಿಸಿ

ಇದನ್ನ ಯಾರೂ ಹೇಳಲ್ಲ, ಆದ್ರೆ ನಂಗೆ ಅತಿ ಹೆಚ್ಚು ಕೆಲ್ಸಕ್ಕೆ ಬಂದಿದ್ದು ಇದೇ. ನಮ್ ಮನೆಗಳಲ್ಲಿ ವರ್ಷ ಪೂರ್ತಿ ಒಂದೇ ಥರ ಇರಲ್ಲ. ಶ್ರಾವಣ ಶುರುವಾದ್ರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಗಣೇಶ, ಪಕ್ಷ, ದಸರಾ ಗೊಂಬೆ, ಒಂದ್ ಉಸಿರು ತಗೊಳ್ಳೋಷ್ಟ್ರಲ್ಲಿ ದೀಪಾವಳಿ. ಮೊದಲ್ನೇ ವರ್ಷ ನಾನು ಬುದ್ಧಿ ಇಲ್ದೆ ಏನ್ ಮಾಡ್ದೆ ಅಂದ್ರೆ, ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದಿರೋ ದಿ ವೇ ಆಫ್ ಕಿಂಗ್ಸ್ ಅನ್ನೋ ಸಾವಿರ ಪೇಜಿನ ಇಟ್ಟಿಗೆನ ವರಮಹಾಲಕ್ಷ್ಮಿ ಹಬ್ಬದ ವಾರ ಶುರು ಮಾಡ್ದೆ. ಮೊದಲ ನೂರು ಪೇಜಲ್ಲೇ ಮೂರ್ನಾಲ್ಕು ಸಲ ಜನ ಬದಲಾಗ್ತಾರೆ, ಕಾಲ ಬದಲಾಗುತ್ತೆ. ಹಬ್ಬ ಮುಗಿಸಿ ಹತ್ತು ದಿನ ಬಿಟ್ಟು ತೆಗೆದ್ರೆ ಯಾರ್ ಯಾರು ಅಂತ ಒಂದೂ ನೆನಪಿಲ್ಲ. ಮತ್ತೆ ಮೊದಲಿಂದ ಶುರು, ಅಷ್ಟ್ರಲ್ಲಿ ಗಣೇಶ ಬಂದ. ಗೊಂಬೆ ಕೂರಿಸುವಾಗ ಮೆಟ್ಲು ಅಲ್ಲಾಡ್ತಿತ್ತು ಅಂತ ಅದೇ ಪುಸ್ತಕಾನ ಅಡೀಗೆ ಕೊಟ್ಟೆ, ಆ ವರ್ಷ ಅದು ಮಾಡಿದ ಉಪಕಾರ ಅಷ್ಟೇ.

ಎರಡನೇ ವರ್ಷ ಹಂಚಿಕೊಂಡಿದ್ದು ಹೀಗೆ. ಜನವರಿ ಅವರೆಕಾಯಿ ಕಾಲ, ಸಂಕ್ರಾಂತಿಗೆ ಕೊಬ್ಬರಿ ಬೆಲ್ಲ ಹೆಚ್ಚೋ ಕೆಲ್ಸ ಬೇರೆ, ಕೈ ಪೂರ್ತಿ ಬಿಜಿ, ಅದಕ್ಕೆ ಕೇಳೋ ಪುಸ್ತಕ. ಫೆಬ್ರವರಿ ಮಾರ್ಚ್‌ನಲ್ಲಿ ಮಕ್ಕಳು ಪರೀಕ್ಷೆಗೆ ಅಂತ ಬೇಗ ಮಲಗ್ತಾರೆ, ಇಲ್ಲಾ ಓದ್ತಾ ಕೂತಿರ್ತಾರೆ, ಪಕ್ಕದಲ್ಲಿ ನಾನೂ ಓದ್ತಾ ಕೂತ್ರೆ ಅವರಿಗೂ ಒಂದ್ ಧೈರ್ಯ. ವರ್ಷದ ದಪ್ಪ ಪುಸ್ತಕ ಆವಾಗ್ಲೇ. ನಾನು ದಿ ಲಾರ್ಡ್ ಆಫ್ ದಿ ರಿಂಗ್ಸ್ ಮೂರು ಭಾಗನೂ ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರದೊಳಗೆ ಮುಗಿಸ್ದೆ. ಏಪ್ರಿಲ್ ಮೇ ರಜ, ಟೆರೇಸ್ ಮೇಲೆ ಸಂಡಿಗೆ ಹಾಕಿ ಕಾಗೆ ಕಾಯೋ ಕೆಲ್ಸ, ನೆರಳಲ್ಲಿ ಕೂತು ಮಧ್ಯ ಮಧ್ಯ ತಲೆ ಎತ್ತಿ ಹುಶ್ ಅನ್ನೋಕೆ ಸಣ್ಣ ಪುಸ್ತಕ ಸರಿ. ಜೂನ್ ಜುಲೈ ಮಳೆ, ಸ್ಕೂಲ್ ಶುರು, ಮತ್ತೆ ಒಂದ್ ಮಧ್ಯಮ ಗಾತ್ರದ್ದು. ಶ್ರಾವಣದಿಂದ ದೀಪಾವಳಿ ತನಕ 250 ಪೇಜಿಗಿಂತ ಜಾಸ್ತಿ ಇರೋದನ್ನ ಮುಟ್ಟೋದೇ ಇಲ್ಲ ಅಂತ ತೀರ್ಮಾನ ಮಾಡಿದ್ದೆ. ನಿಮ್ಮನೆ ಹಬ್ಬ ಬೇರೆ ಇರ್ಬೋದು, ರಂಜಾನೋ ಕ್ರಿಸ್ಮಸ್ಸೋ ಊರ ಜಾತ್ರೆಯೋ, ಕ್ಯಾಲೆಂಡರ್ ಮುಂದಿಟ್ಕೊಂಡು ಮನೆ ತುಂಬಿರೋ ವಾರಗಳನ್ನ ಮೊದ್ಲು ಗುರುತು ಹಾಕಿ, ಆಮೇಲೆ ಪುಸ್ತಕ.

ಯಾವುದ್ರಿಂದ ಶುರು ಮಾಡೋದು

ಸೀದಾ ಹೇಳ್ಬೇಕು ಅಂದ್ರೆ ಉದ್ದದ ಸರಣಿಯಿಂದ ಶುರು ಮಾಡ್ಬೇಡಿ. ದಿ ವೀಲ್ ಆಫ್ ಟೈಮ್ ಅಂತ ಇದೆ, 1990ರಲ್ಲಿ ಶುರುವಾಗಿದ್ದು, 14 ಪುಸ್ತಕ, ಬರೀತಿದ್ದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರ್ಕೊಂಡ್ರು, ಆಮೇಲೆ ಸ್ಯಾಂಡರ್ಸನ್ ಅದನ್ನ 2013ಕ್ಕೆ ಮುಗಿಸಿದ್ರು. ಅಭಿಮಾನಿಗಳೇ ಮಧ್ಯದ ಕೆಲವು ಪುಸ್ತಕ ಎಳೆಯುತ್ತೆ ಅಂತ ಒಪ್ಕೊಳ್ತಾರೆ, ನಮ್ ಧಾರಾವಾಹಿಗಳ ಥರ. ಮೊದಲ್ನೇ ವರ್ಷಕ್ಕಂತೂ ಬೇಡ. ಹಾಗೇ ಮುಗೀದೇ ಇರೋ ಸರಣಿ ಬಗ್ಗೆನೂ ಎಚ್ಚರ. ಜಾರ್ಜ್ ಮಾರ್ಟಿನ್ ಅವರ ಎ ಸಾಂಗ್ ಆಫ್ ಐಸ್ ಅಂಡ್ ಫೈರ್ ಸರಣಿಯ ಐದನೇ ಪುಸ್ತಕ ಬಂದಿದ್ದು 2011ರಲ್ಲಿ, ಪ್ಯಾಟ್ರಿಕ್ ರಾಥ್‌ಫಸ್ ಅವರ ದಿ ಕಿಂಗ್‌ಕಿಲ್ಲರ್ ಕ್ರಾನಿಕಲ್ ಸರಣಿಯ ಎರಡನೇದೂ 2011ರಲ್ಲೇ, ಎರಡಕ್ಕೂ ಮುಂದಿನ ಭಾಗಕ್ಕೆ ಜನ ಕಾಯ್ತಾನೇ ಇದಾರೆ. ಆವತ್ತು ಹುಟ್ಟಿದ ಮಗು ಈಗ ಹೈಸ್ಕೂಲು. ಕಥೆ ಚೆನ್ನಾಗಿಲ್ಲ ಅಂತಲ್ಲ, ಆದ್ರೆ ಕಾಯೋಕೆ ತಯಾರಿದ್ರೆ ಮಾತ್ರ ಕೈ ಹಾಕಿ.

ನನ್ ಪ್ರಕಾರ ಮೊದಲ್ನೇದು ಅರ್ಸುಲಾ ಲೆ ಗ್ವಿನ್ ಅವರ ಎ ವಿಝರ್ಡ್ ಆಫ್ ಅರ್ಥ್‌ಸೀ ಇರ್ಲಿ. 1968ರದ್ದು, ಇನ್ನೂರು ಚಿಲ್ಲರೆ ಪೇಜು, ವಾರ ಎರಡು ವಾರದಲ್ಲಿ ಮುಗಿಯುತ್ತೆ. ಅದರಲ್ಲಿ ಪ್ರತಿಯೊಂದು ವಸ್ತುವಿಗೂ ಮನುಷ್ಯನಿಗೂ ಒಂದ್ ನಿಜವಾದ ಹೆಸರು ಇರುತ್ತೆ, ಆ ಹೆಸರು ಗೊತ್ತಾದ್ರೆ ಅವರ ಮೇಲೆ ಹಿಡಿತ ಸಿಕ್ಕಂಗೆ, ಅದಕ್ಕೆ ಯಾರೂ ತಮ್ ನಿಜ ಹೆಸರು ಹೊರಗೆ ಬಿಟ್ಕೊಡಲ್ಲ, ಕರೆಯೋಕೆ ಬೇರೆ ಹೆಸರು ಇಟ್ಕೊಂಡಿರ್ತಾರೆ. ನಾನು ಇದನ್ನ ಅತ್ತೆಗೆ ಬಿಡಿಸಿ ಹೇಳೋಕೆ ಹೋದ್ರೆ ಅವರು, ಅದ್ರಲ್ಲೇನಮ್ಮ ವಿಶೇಷ, ನಾಮಕರಣದಲ್ಲಿ ಕಿವೀಲಿ ಹೇಳೋ ಹೆಸರೇ ಬೇರೆ ಕರೆಯೋ ಹೆಸರೇ ಬೇರೆ ಅಲ್ವೇ ಅಂದ್ರು. ಮಾವ ಹೋಗಿ ಎಂಟು ವರ್ಷ ಆಯ್ತು, ಇವತ್ತಿಗೂ ಬ್ಯಾಂಕ್ ಫಾರಂ ತುಂಬುವಾಗ ಅತ್ತೆ ಅವರ ಹೆಸರು ಬಾಯಿಬಿಟ್ಟು ಹೇಳಲ್ಲ, ನೀನೇ ಬರೀ ಅಂತ ಪೆನ್ ನನ್ ಕೈಗೆ ಕೊಡ್ತಾರೆ. ಆ ಪುಸ್ತಕ ನನಗಿಂತ ಅವರಿಗೇ ಜಾಸ್ತಿ ಅರ್ಥ ಆಯ್ತು.

ನಗಬೇಕು ಅನ್ಸಿದ್ರೆ ಟೆರ್ರಿ ಪ್ರ್ಯಾಚೆಟ್. ಡಿಸ್ಕ್‌ವರ್ಲ್ಡ್ ಅಂತ 41 ಕಾದಂಬರಿ ಇದೆ, 1983ರಿಂದ 2015ರ ತನಕ ಬಂದಿದ್ದು, ಲೆಕ್ಕ ನೋಡಿ ಹೆದರ್ಬೇಡಿ, ಕ್ರಮವಾಗಿ ಓದ್ಬೇಕು ಅಂತೇನಿಲ್ಲ. ನಾನು ಗಾರ್ಡ್ಸ್! ಗಾರ್ಡ್ಸ್! ಅನ್ನೋದ್ರಿಂದ ಶುರು ಮಾಡ್ದೆ, ಒಂದ್ ಬಡ ಪೊಲೀಸ್ ಠಾಣೆ, ಊರಿಗೆ ಡ್ರ್ಯಾಗನ್ ಬಂದುಬಿಡುತ್ತೆ. ಒಂದೇ ತೊಂದ್ರೆ, ಇವರ ಬಹುಪಾಲು ಪುಸ್ತಕಗಳಲ್ಲಿ ಅಧ್ಯಾಯಗಳೇ ಇಲ್ಲ. ಈ ಅಧ್ಯಾಯ ಮುಗಿಸಿ ಮಲಗ್ತೀನಿ ಅನ್ನೋ ಪೈಕಿ ನೀವಾದ್ರೆ ಬೆಳಗ್ಗೆ ಇಡ್ಲಿ ಹಿಟ್ಟಿನ ಮುಂದೆ ತೂಕಡಿಸ್ತೀರಿ. ಅದಕ್ಕೆ ಮಲಗೋ ಟೈಮಿಗೆ ಅಲಾರಂ ಇಡಿ, ಏಳೋಕೆ ಇಡೋದಲ್ಲ, ಮಲಗೋಕೆ.

ಹಬ್ಬದ ಕಾಲಕ್ಕೆ ಸುಸಾನಾ ಕ್ಲಾರ್ಕ್ ಅವರ ಪಿರನೇಸಿ ಇಟ್ಕೊಂಡಿದ್ದೆ, 2020ರದ್ದು, ಸಣ್ಣದು. ಕೊನೆಯೇ ಇಲ್ದಿರೋ ಒಂದ್ ಮನೆ, ಲೆಕ್ಕವಿಲ್ಲದಷ್ಟು ಹಾಲ್‌ಗಳು, ಎಲ್ಲಾ ಕಡೆ ಶಿಲ್ಪಗಳು, ಕೆಳಗಡೆ ಸಮುದ್ರದ ನೀರು ಬಂದು ಹೋಗುತ್ತೆ, ಅದರಲ್ಲೊಬ್ಬ ಡೈರಿ ಬರ್ಕೊಂಡು ಇದಾನೆ. ದೀಪಾವಳಿ ಕ್ಲೀನಿಂಗ್ ಮಧ್ಯೆ ಓದಿದ್ದಕ್ಕೋ ಏನೋ, ಎಲ್ಲರೂ ಎಂಥಾ ಅದ್ಭುತ ಲೋಕ ಅಂತಾರೆ, ನಂಗೆ ಮಾತ್ರ ಇಷ್ಟು ದೊಡ್ಡ ಮನೆ ಕಸ ಯಾರ್ ಗುಡಿಸ್ತಾರೆ ಅನ್ನೋದೇ ತಲೇಲಿ. ಆದ್ರೂ ವರ್ಷದ ಪುಸ್ತಕ ಯಾವುದು ಅಂತ ಕೇಳಿದ್ರೆ ಅದನ್ನೇ ಹೇಳ್ತೀನಿ.

ಬಿಡೋದಕ್ಕೂ ಒಂದ್ ನಿಯಮ ಬೇಕು. ಮಾಮೂಲಿ ಕಾದಂಬರಿಗೆ ಐವತ್ತು ಪೇಜ್ ಕೊಟ್ರೆ ಸಾಕು, ಫ್ಯಾಂಟಸಿಗೆ ನಾನು ನೂರು ಕೊಡ್ತೀನಿ, ಹೊಸ ಊರಿಗೆ ಹೊಂದ್ಕೊಳ್ಳೋಕೆ ಸೊಸೆಗೂ ಟೈಮ್ ಬೇಕಲ್ವಾ ಹಾಗೆ. ನೂರಾದ್ಮೇಲೂ ಯಾರ ಬಗ್ಗೆನೂ ಮುಂದೇನಾಯ್ತು ಅಂತ ಅನ್ನಿಸ್ಲಿಲ್ಲ ಅಂದ್ರೆ ಮುಚ್ಚಿ ಇಟ್ಟುಬಿಡಿ, ದುಡ್ಡು ಕೊಟ್ಟಿದೀನಿ ಅಂತ ಎಳೀಬೇಡಿ. ಆ ಸಾವಿರ ಪೇಜಿಂದನ್ನ ಎರಡನೇ ವರ್ಷ ಜೂನಲ್ಲಿ ಮತ್ತೆ ಹಿಡಿದು ನಾನೂರು ಪೇಜಿಗೆ ಬಿಟ್ಟೆ, ಪುಸ್ತಕ ಕೆಟ್ಟದ್ದಲ್ಲ, ಅದಕ್ಕೆ ಬೇಕಾದ ಪುರುಸೊತ್ತು ನನ್ ಹತ್ರ ಇಲ್ಲ ಅಷ್ಟೇ.

ಕೊಳ್ಳೋ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹಳೇ ಪುಸ್ತಕ ಸಿಗುತ್ತೆ, ಫ್ಯಾಂಟಸಿಗೇ ಬೇರೆ ಕಪಾಟು ಇದೆ. ಹಳೇದು ತಗೊಳ್ಳುವಾಗ ಎಷ್ಟನೇ ಭಾಗ ಅಂತ ಒಳಗಡೆ ತೆಗೆದು ನೋಡಿ, ಮುಖಪುಟದ ಮೇಲೆ ಎಷ್ಟೋ ಸಲ ಹಾಕಿರಲ್ಲ, ನಾನು ಒಂದ್ ಸಲ ಎರಡನೇ ಭಾಗ ತಂದು ಐವತ್ತು ಪೇಜ್ ಓದಿ, ಅಬ್ಬಾ ಎಷ್ಟು ನಿಗೂಢವಾಗಿ ಬರ್ದಿದಾರೆ ಅಂತ ಮೆಚ್ಕೊಂಡಿದ್ದೆ. ಕೊನೇ ಪೇಜ್‌ಗಳು ಇದ್ಯಾ ಅಂತಾನೂ ನೋಡಿ. ನಲವತ್ತು ದಾಟಿದ ಕಣ್ಣಿಗೆ ದಪ್ಪ ಪುಸ್ತಕದ ಸಣ್ಣ ಅಕ್ಷರ ಆಗಲ್ಲ, ಅಂಥದ್ದಕ್ಕೆ ಕಿಂಡಲ್ಲೋ ಫೋನೋ ವಾಸಿ. ಮೊದಲ ಕೆಲವು ಅಧ್ಯಾಯದ ಸ್ಯಾಂಪಲ್ ಫ್ರೀ ಬರುತ್ತೆ, ಅದನ್ನ ಓದಿ ಆಮೇಲೆ ದುಡ್ಡು ಹಾಕಿ. ಮ್ಯಾಪ್ ಇರೋದು ಮಾತ್ರ ಕಾಗದದಲ್ಲೇ ಚೆನ್ನ.

ಹೆಸರುಗಳ ಗೋಳು

ಜನ ಫ್ಯಾಂಟಸಿ ಬಿಡೋದೇ ಹೆಸರುಗಳ ದೆಸೆಯಿಂದ. ಇದಕ್ಕೆ ನಾನು ಕಂಡ್ಕೊಂಡ ಉಪಾಯ ಅಂದ್ರೆ ಹೆಸರುಗಳನ್ನ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳೋದು. ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪೇಜ್‌ಗಳಲ್ಲಿ ಬರೀತಿದ್ದೆ, ಯಾರು, ಯಾರ ಕಡೆಯವರು, ಎಲ್ಲಿ ಸಿಕ್ರು, ಒಂದೊಂದೇ ಸಾಲು. ಇಂಗ್ಲಿಷಲ್ಲಿ ಕಣ್ಣು ಹಾರಿಸ್ಕೊಂಡು ಹೋಗುತ್ತೆ, ಕನ್ನಡದಲ್ಲಿ ಬರೆಯುವಾಗ ಬಾಯಲ್ಲಿ ಒಂದ್ ಸಲ ಹೇಳ್ಕೊಳ್ಳೇಬೇಕು, ಅಲ್ಲಿಗೆ ತಲೇಲಿ ಕೂರುತ್ತೆ. ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಸೌರಾನ್ ಅಂತ ಒಬ್ಬ, ಸಾರುಮಾನ್ ಅಂತ ಇನ್ನೊಬ್ಬ, ಇಬ್ರೂ ಕೆಟ್ಟೋರೇ, ಎಲ್ಲರಿಗೂ ಗಲಿಬಿಲಿ ಆಗೋದು ಇಲ್ಲೇ. ಮಗ ಪಟ್ಟಿ ನೋಡಿ ಅಮ್ಮಾ ಇವನು ಸಾರು ಮಾಡ್ತಾನಾ ಅಂತ ಕೇಳ್ದ, ಅವತ್ತಿಂದ ಒಂದ್ ಸಲಾನೂ ಅದಲು ಬದಲಾಗ್ಲಿಲ್ಲ.

ಅದೇ ಪುಸ್ತಕದಲ್ಲಿ ಒಬ್ಬನಿಗೇ ನಾಲ್ಕೈದು ಹೆಸರು. ಆರಾಗಾರ್ನ್ ಅನ್ನೋನೇ ಸ್ಟ್ರೈಡರ್, ಅವನೇ ಎಲೆಸ್ಸಾರ್, ಗ್ಯಾಂಡಾಲ್ಫ್‌ನೇ ಮಿಥ್ರಾಂಡಿರ್. ಸುಸ್ತಾಗುತ್ತೆ ನಿಜ, ಆದ್ರೆ ಗುಡುಗು ಬಂದಾಗ ಅರ್ಜುನಃ ಫಲ್ಗುಣಃ ಪಾರ್ಥಃ ಕಿರೀಟಿ ಶ್ವೇತವಾಹನಃ ಅಂತ ಹೇಳ್ಕೊಂಡು ಬೆಳೆದೋರು ನಾವು, ಹತ್ತು ಹೆಸರಿಗೆ ಹೆದರೋಕಾಗುತ್ತಾ. ಮಹಾಭಾರತದಲ್ಲಿ ಎಷ್ಟು ಜನ ಇದಾರೆ ಲೆಕ್ಕ ಹಾಕಿ, ಎಲ್ಲಾ ನೆನಪಿದೆಯಲ್ಲ. ನೆನಪಿರೋದು ಯಾಕಂದ್ರೆ ಓದಿ ಅಲ್ಲ, ಕೇಳಿ, ಮತ್ತೆ ಮತ್ತೆ ಹೇಳಿ.

ನೆಟ್‌ನಲ್ಲಿ ಹೆಸರು ಹುಡುಕೋಕೆ ಮಾತ್ರ ಹೋಗ್ಬೇಡಿ, ಆ ಪಾತ್ರ ಯಾರ್ ಕೈಲಿ ಸಾಯುತ್ತೆ ಅಂತ ಮೊದಲ್ನೇ ಸಾಲಲ್ಲೇ ಬರ್ದಿರ್ತಾರೆ. ನನಗೆ ಹಾಗೆ ಒಂದ್ ಪುಸ್ತಕ ಪೂರ್ತಿ ಹಾಳಾಯ್ತು. ಪುಸ್ತಕದ ಹಿಂದೆ ಪದಗಳ ಪಟ್ಟಿ ಇದ್ಯಾ ನೋಡಿ ಮೊದ್ಲು, ವೀಲ್ ಆಫ್ ಟೈಮ್‌ನಂಥ ಸರಣಿಗಳಲ್ಲಿ ಇರುತ್ತೆ. ಹೆಸರಿನ ರಗಳೆನೇ ಬೇಡ ಅಂದ್ರೆ ತಾಶಾ ಸೂರಿ ಅವರ ದಿ ಜಾಸ್ಮಿನ್ ಥ್ರೋನ್ ಓದಿ, 2021ರದ್ದು, ಪ್ರಿಯಾ, ಮಾಲಿನಿ, ಭೂಮಿಕಾ ಅಂತ ನಮ್ ಬೀದಿಲೇ ಇರೋ ಹೆಸರುಗಳು, ಪ್ರಿಯಾ ಅನ್ನೋಳು ಅರಮನೇಲಿ ಮನೆಗೆಲಸದೋಳು. ದಪ್ಪ ಇದ್ರೂ ಜುಲೈನಲ್ಲಿ ಪಟ್ಟಿ ಇಲ್ದೇನೇ ಮುಗಿಸ್ದೆ.

ಕಿವೀಲಿ ಓದೋದು

ಆಡಿಯೋ ಬುಕ್ ಕೇಳೋದು ಓದೋದು ಅಲ್ಲ ಅಂತ ಮೂಗು ಮುರಿಯೋರಿದಾರೆ. ನಮ್ಮತ್ತೆ ತವರು ಶಿವಮೊಗ್ಗ ಕಡೆ, ಗಮಕಕ್ಕೆ ಹೆಸರಾದ ಹೊಸಹಳ್ಳಿ ಹತ್ರಾನೇ. ಒಬ್ರು ಕುಮಾರವ್ಯಾಸನ ಪದ್ಯ ರಾಗವಾಗಿ ಓದೋದು ಇನ್ನೊಬ್ರು ಅರ್ಥ ಬಿಡಿಸೋದು, ಹೆಂಗಸರು ಬತ್ತಿ ಹೊಸೀತಾ ಕೇಳೋದು, ಅವರು ಭಾರತ ಕಲಿತಿದ್ದೇ ಹಾಗೆ. ಅವರಿಗೆ ಭಾರತ ಗೊತ್ತಿಲ್ಲ ಅನ್ನೋ ಧೈರ್ಯ ಇದ್ರೆ ಬಂದು ಹೇಳಿ ನೋಡೋಣ.

ಹಿತಕಿದಬೇಳೆ ಮಾಡೋ ಮನೆಯವರಿಗೆ ಇದು ಅರ್ಥ ಆಗುತ್ತೆ. ಮೂರು ಕೇಜಿ ಅವರೆಕಾಯಿ ಬಿಡಿಸಿ, ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳು ಹಿತುಕಿ ಸಿಪ್ಪೆ ತೆಗೆಯೋದು, ಎರಡ್ಮೂರು ಗಂಟೆ ಕೈ ಬಿಡುವಿಲ್ಲ, ತಲೆ ಪೂರ್ತಿ ಖಾಲಿ. ಹಾಬಿಟ್ ಆಡಿಯೋ ಹೆಚ್ಚುಕಮ್ಮಿ ಹನ್ನೊಂದು ಗಂಟೆ ಇದೆ. ನಮ್ಮನೇಲಿ ಜನವರಿ ತಿಂಗಳಲ್ಲಿ ನಾಲ್ಕು ಸಲ ಹಿತಕಿದಬೇಳೆ ಆಯ್ತು, ಪುಸ್ತಕ ಮುಗೀತು, ಸಂಕ್ರಾಂತಿ ಕೊಬ್ಬರಿ ಬೆಲ್ಲ ಹೆಚ್ಚಿದ್ದೂ ಸೇರಿ.

ಕೇಳುವಾಗ ಕೆಲವು ವಿಷಯ ನೆನಪಿಡಿ. ಒಂದೇ ಕಿವಿಗೆ ಹಾಕ್ಕೊಳ್ಳಿ, ಇನ್ನೊಂದು ಬಾಗಿಲಿಗೆ, ಕುಕ್ಕರಿಗೆ, ಅತ್ತೆಗೆ. ಯಾವ ಲೋಕ ನಿಮಗೆ ಹೊಸದೋ ಅದರ ಮೊದಲ ಮೂರು ಅಧ್ಯಾಯ ಕಣ್ಣಲ್ಲಿ ಓದಿ ಆಮೇಲೆ ಕಿವಿಗೆ ಹೋಗಿ, ಇಲ್ಲಾಂದ್ರೆ ಹೆಸರು ಕೇಳ್ಸೋದು ಒಂದು ಅಂದ್ಕೊಳ್ಳೋದು ಇನ್ನೊಂದು ಆಗುತ್ತೆ. ಮಿಕ್ಸಿ ಹಾಕುವಾಗ ನಿಲ್ಲಿಸಿ, ಅದು ಓಡೋ ಎರಡು ನಿಮಿಷದಲ್ಲೇ ಯಾರೋ ಸತ್ತಿರ್ತಾರೆ, ಇದು ಸುಮ್ನೆ ಹೇಳ್ತಿಲ್ಲ. ಮಲಗಿ ಕೇಳೋದಾದ್ರೆ ಸ್ಲೀಪ್ ಟೈಮರ್ ಹದಿನೈದು ನಿಮಿಷಕ್ಕೆ ಇಡಿ. ತುಂಬಾ ಉದ್ದದ್ದು ಬೇಡ, ಆ ವೇ ಆಫ್ ಕಿಂಗ್ಸ್ ಆಡಿಯೋ 45 ಗಂಟೆ ಇದೆ, ಅಷ್ಟು ಅವರೆಕಾಯಿ ಮೈಸೂರು ಮಾರ್ಕೆಟ್ಟಲ್ಲೂ ಇಲ್ಲ.

ಮನೆಯವರಿಗೆ ಹೇಳ್ತಾ ಹೋಗಿ

ಮೊದಲ್ನೇ ವರ್ಷ ಎಲ್ಲರಿಂದ ತಪ್ಪಿಸ್ಕೊಂಡು ಓದೋಕೆ ನೋಡ್ದೆ, ಬಾಗ್ಲು ಹಾಕ್ಕೊಂಡೆ, ಹುಶಾರಿಲ್ವಾ ಅಂತ ಕೇಳೋಕೆ ಹತ್ತು ನಿಮಿಷಕ್ಕೊಬ್ರು ಬಂದ್ರು. ಈ ಸಲ ಉಲ್ಟಾ ಮಾಡ್ದೆ. ರಾತ್ರಿ ಊಟದ ಹೊತ್ತಲ್ಲಿ ನಿನ್ನೆ ಏನಾಯ್ತು ಅಂತ ಕಥೆ ಹೇಳೋಕೆ ಶುರು ಮಾಡ್ದೆ, ಐದೇ ನಿಮಿಷ. ಎರಡು ಲಾಭ ಆಯ್ತು. ಹೇಳಿದ್ದು ನನಗೆ ಮರೆಯಲ್ಲ. ಇನ್ನೊಂದು, ಮುಂದೇನಾಯ್ತು ಅಂತ ಅವರಿಗೂ ಬೇಕಲ್ಲ, ಅದಕ್ಕೆ ಅಮ್ಮ ಓದ್ಲಿ ಬಿಡಿ ಅಂತ ಮಕ್ಕಳೇ ಕಾವಲು ಕಾಯ್ತಾರೆ. ನಮ್ಮೆಜಮಾನ್ರು ಪಾತ್ರೆ ತೊಳೆಯೋಕೆ ಶುರು ಮಾಡಿದ್ದು ಕುಳ್ಳರ ಕಥೆ ಕೇಳಿದ ಮೇಲೇನೇ, ಹಾಡು ಮಾತ್ರ ಬೇಡ ರೀ ಅಂತ ಕೈ ಮುಗಿದಿದೀನಿ.

ಸ್ಯಾಂಡರ್ಸನ್ ಅವರದ್ದೇ ಮಿಸ್ಟ್‌ಬಾರ್ನ್, 2006ರದ್ದು, ಅದರಲ್ಲಿ ಜನ ಲೋಹ ನುಂಗ್ತಾರೆ, ಒಂದೊಂದು ಲೋಹಕ್ಕೆ ಒಂದೊಂದು ಶಕ್ತಿ, ತವರ ನುಂಗಿದ್ರೆ ಕಣ್ಣು ಕಿವಿ ಎಲ್ಲಾ ಚುರುಕಾಗುತ್ತೆ ಅಂತ ನಾನು ಹೇಳ್ತಿದ್ರೆ ಅತ್ತೆ ಮಧ್ಯದಲ್ಲಿ ನಿಲ್ಲಿಸಿ, ಕಲಾಯಿ ಹಾಕೋದು ತವರದಲ್ಲೇ ಅಲ್ವೇನಮ್ಮ, ಅರವತ್ತು ವರ್ಷ ಕಲಾಯಿ ಪಾತ್ರೆಲಿ ಉಂಡಿದೀನಿ, ನಂಗ್ಯಾಕೆ ಕಿವಿ ಕೇಳ್ಸಲ್ಲ ಅಂದ್ರು. ಈ ಪ್ರಶ್ನೆಗೆ ಸ್ಯಾಂಡರ್ಸನ್ ಹತ್ರಾನೂ ಉತ್ತರ ಇರ್ಲಿಕ್ಕಿಲ್ಲ.

ಮಕ್ಕಳಿಗೆ ಹಾಬಿಟ್ ಓದಿ ಹೇಳಿದ್ದು ಬೇಸಿಗೆ ರಜದಲ್ಲಿ. 19 ಅಧ್ಯಾಯ, ದಿನಕ್ಕೊಂದು ಅಂದ್ರೆ ಮೂರು ವಾರದೊಳಗೆ ಆಗುತ್ತೆ. ಇಂಗ್ಲಿಷ್ ಪುಸ್ತಕ ಕೈಲಿ ಹಿಡ್ಕೊಂಡು ಬಾಯಲ್ಲಿ ಕನ್ನಡ ಹೇಳೋದು ಮೊದಲೆರಡು ದಿನ ತೊದಲುತ್ತೆ, ಆಮೇಲೆ ಸರಾಗ. ನಾನು ಮಧ್ಯಾಹ್ನ ಒಂದ್ ಸಲ ಓದ್ಕೊಂಡು ರಾತ್ರಿ ಪುಸ್ತಕ ನೋಡದೇ ಹೇಳಿದ್ರೇ ಚೆನ್ನಾಗಿ ಬರ್ತಿತ್ತು. ಡ್ವಾರ್ಫ್‌ಗೆ ಕುಳ್ಳ ಸರಿ ಹೋಯ್ತು. ಎಲ್ಫ್‌ಗೆ ಏನನ್ನೋದು? ಗಂಧರ್ವ ಅಂದ್ರೆ ವೀಣೆ ನೆನಪಾಗುತ್ತೆ, ಯಕ್ಷ ಅಂದ್ರೆ ಕೊಳದ ಹತ್ರ ಪ್ರಶ್ನೆ ಕೇಳೋನು ನೆನಪಾಗ್ತಾನೆ, ಕೊನೆಗೆ ಎಲ್ಫ್ ಅಂತಾನೇ ಬಿಟ್ಟೆ. ಡ್ರ್ಯಾಗನ್ನೂ ಹಾಗೇ, ರೆಕ್ಕೆ ಇರೋ ಬೆಂಕಿ ಹಾವು ಅಂದೆ, ಮಗ, ಗೊತ್ತಮ್ಮ ಡ್ರ್ಯಾಗನ್ ಅಂತ ಹೇಳು ಅಂದ. ಹಾಬಿಟ್‌ಗಳು ಬೆಳಗ್ಗೆ ಎರಡನೇ ಸಲ ತಿಂಡಿ ತಿಂತಾರೆ ಅನ್ನೋದು ಮಾತ್ರ ದೊಡ್ಡ ತಪ್ಪಾಯ್ತು, ರಜ ಪೂರ್ತಿ ಹತ್ತೂವರೆಗೆ ಎರಡನೇ ತಿಂಡಿ ಕೇಳಿದ್ರು. ಆ ಸಾಲು ಬಂದಾಗ ಹಾರಿಸಿಬಿಡಿ.

ಅತ್ತೆ ಸಲಹೆ ಮೇಲೆ ಹದಿಮೂರರಲ್ಲಿ ಒಂದು ಕನ್ನಡದ್ದು ಓದ್ದೆ, ಸೋಮದೇವನ ಕಥಾಸರಿತ್ಸಾಗರದ ಅನುವಾದ. 11ನೇ ಶತಮಾನದ್ದು ಮೂಲ, ಬೇತಾಳನ ಕಥೆಗಳೂ ಅದರೊಳಗೇ ಬರುತ್ತೆ, ಚಿಕ್ಕವರಿದ್ದಾಗ ಚಂದಮಾಮದಲ್ಲಿ ಕೊನೇ ಪೇಜ್ ಹರಿದು ಹೋದ್ರೆ ಅತ್ತಿದ್ದೆವಲ್ಲ ಆ ಬೇತಾಳನೇ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು ಕಥೆ, ಒಂದೊಂದೂ ಐದಾರು ಪೇಜು, ಯಾವಾಗ ಬೇಕಾದ್ರೂ ಮುಚ್ಚಿಡ್ಬೋದು. ಆ ನಿಂತಿರೋ ಟೈಮ್ ಅಂದೆನಲ್ಲ, ಹೊಸ ಪೇಜ್ ಓದೋದೇ ಇಲ್ಲ ಅಂತ, ಈ ಒಂದು ಪುಸ್ತಕಕ್ಕೆ ಮಾತ್ರ ಆ ನಿಯಮ ಮುರ್ದೆ. ವ್ಯಾನ್ ಬರೋಷ್ಟ್ರಲ್ಲಿ ಒಬ್ಬ ರಾಜ ಒಬ್ಬ ವಿದ್ಯಾಧರಿ ಎರಡು ಶಾಪ ಮುಗೀತಿತ್ತು.

ಈಗ ಮತ್ತೆ ಅವರೆಕಾಯಿ ಬಂದಿದೆ. ಅರ್ಥ್‌ಸೀ ಎರಡನೇ ಭಾಗ ದಿ ಟೂಂಬ್ಸ್ ಆಫ್ ಅಟುವಾನ್ ಫೋನಿಗೆ ಇಳಿಸ್ಕೊಂಡಿದೀನಿ, ಅತ್ತೆ ಮೊದಲ್ನೇ ಭಾಗದ ಆ ಮಾಂತ್ರಿಕ ಹುಡುಗನ ನಿಜ ಹೆಸರು ಯಾರಿಗಾದ್ರೂ ಗೊತ್ತಾಯ್ತಾ ಅಂತ ನಿನ್ನೆಯಿಂದ ಎರಡು ಸಲ ಕೇಳಿದ್ರು. ಕಾಳು ನೆನೆಹಾಕಿದೀನಿ, ಬೆಳಗ್ಗೆ ಕೂತ್ಕೋತೀವಿ.